ಅಮ್ಮ ಬೈಯುವ ಭಾಷೆ

ಎರಡು ಕುಯ್ಲಿನ ಹಿಂದಿನ ಮಾತು. ನವೆಂಬರಿನ ಒಂದು ಶನಿವಾರ, ಒಂಬತ್ತು ವರ್ಷದ ಹುಡುಗಿಯೊಬ್ಬಳು ನನ್ನೆದುರು ನಿಂತು ಒಂದು ಪುಟ ಕನ್ನಡ ಓದಿದಳು. ತಡವರಿಕೆ ಇಲ್ಲ, ಒತ್ತಕ್ಷರ ಜಾರಲಿಲ್ಲ, ದೀರ್ಘಗಳೆಲ್ಲ ಅಳತೆ ಮಾಡಿದ ಹಾಗೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟ ನನ್ನ ಕಿವಿ ತಂಪಾಯಿತು. ‘ಭೇಷ್’ ಅಂದೆ. ಚಿತ್ರವಿಲ್ಲದ ಪುಟ ಅದು, ಬೆಕ್ಕಿನ ಕಥೆ. ‘ಬೆಕ್ಕು ಎಲ್ಲಿಗೆ ಹೋಯ್ತಮ್ಮ?’ ಅಂತ ಕೇಳಿದೆ. ಅವಳು ಪುಸ್ತಕ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಅದೇ ಪುಟವನ್ನು ಮೊದಲಿಂದ ಮತ್ತೆ ಓದತೊಡಗಿದಳು. ಮೇಷ್ಟ್ರು ಏನೋ ಕೇಳಿದರೆ ಇನ್ನೊಮ್ಮೆ ಓದಬೇಕು ಎಂದು ಪಾಪ ಅಂದುಕೊಂಡಿದ್ದಳು.

ಆ ಪುಟದ ಒಂದು ಮಾತೂ ಅವಳಿಗೆ ತಿಳಿದಿರಲಿಲ್ಲ.

ಅಕ್ಷರವೇನೋ ಬಂದಿತ್ತು. ಸರಕಾರಿ ಶಾಲೆಯ ನಲಿಕಲಿ ಕಾರ್ಡುಗಳು ಆ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ನಮ್ಮ ಕಾಲದ ಹಾಗೆ ಅ ಆ ಇ ಈ ಎಂದು ಮೆರವಣಿಗೆ ಹೊರಡುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರ ಹಿಡಿದ ಮಗು ಅಷ್ಟರಲ್ಲೇ ಅರಸ, ಸರ, ಗರಗಸ ಎಂದು ಓದಿಬಿಡುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಗರಗಸ ಅಂದರೆ ಮರ ಕೊಯ್ಯುವ ಸಾಮಾನು ಎಂಬುದನ್ನು ಮಗು ಮನೆಯಿಂದಲೇ ತಂದಿರುತ್ತದೆ ಎಂದು ಅದು ನಂಬಿಕೊಂಡಿದೆ. ನಮ್ಮ ಎಸ್ಟೇಟ್ ಲೈನುಗಳಿಂದ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಿಂದ, ಬರುವ ಮಕ್ಕಳು ಮನೆಯಿಂದ ಬೇರೆ ಏನೇನೋ ತಂದಿರುತ್ತಾರೆ. ಏನು ತಂದಿದ್ದಾರೆಂದು ನೋಡುವುದಕ್ಕೆ ನನಗೇ ಒಂದೂವರೆ ವರ್ಷ ಹಿಡಿಯಿತು.

ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಪಂಚಾಯಿತಿ. ಊರಿನ ಹೆಸರು ಬೇಡ, ಮಕ್ಕಳ ಹೆಸರು ಮೊದಲೇ ಬೇಡ. ಪಂಚಾಯಿತಿ ಕಟ್ಟಡಕ್ಕೆ ಅಂಟಿಕೊಂಡ ಒಂದು ಕೋಣೆ, ಮೂರು ಕಬ್ಬಿಣದ ಬೀರು, ಎರಡು ಉದ್ದ ಬೆಂಚು, ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಗೋಡೆ. ಇದೇ ಗ್ರಂಥಾಲಯ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಕೊಟ್ಟರಲ್ಲ, ಮರುವರ್ಷ ‘ಓದುವ ಬೆಳಕು’ ಎಂದು ಶುರುಮಾಡಿ 6ರಿಂದ 18 ವರ್ಷದ ಮಕ್ಕಳಿಗೆಲ್ಲ ಪುಕ್ಕಟೆ ಸದಸ್ಯತ್ವ ಮಾಡಿದರಲ್ಲ, ಆಗ ಈ ಕೋಣೆಗೂ ಒಂದಿಷ್ಟು ಜೀವ ಬಂತು. ಈಗ ಬಾಗಿಲ ಮೇಲೆ ‘ಅರಿವು ಕೇಂದ್ರ’ ಅಂತ ಬೋರ್ಡಿದೆ. ಅದಕ್ಕೆ ಮೊದಲು ಅಲ್ಲಿ ಬರುತ್ತಿದ್ದವರು ಇಬ್ಬರು: ಪೇಪರು ಓದುವ ನಿವೃತ್ತ ಪೋಸ್ಟ್‌ಮ್ಯಾನ್, ಪಿಡಿಒ ಪರೀಕ್ಷೆಗೆ ಓದುವ ಒಬ್ಬ ಹುಡುಗ. ನಿವೃತ್ತಿಯಾಗಿ ಊರಿಗೆ ಬಂದ ನಾನು ಮೂರನೆಯವನು.

ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಮಕ್ಕಳು ಬೀದಿಯಲ್ಲಿ ಸುಮ್ಮನೆ ಅಲೆಯುತ್ತಿದ್ದರು, ಯಾಕೆಂದರೆ ಅಪ್ಪ ಅಮ್ಮ ತೋಟದಿಂದ ಬರುವುದು ನಾಲ್ಕೂವರೆಗೆ. ಗ್ರಂಥಪಾಲಕಿ ನನ್ನ ಹಳೇ ವಿದ್ಯಾರ್ಥಿನಿ, ಮಾತಿಗೆ ಹೆದರುವವಳಲ್ಲ. ‘ಸಾರ್, ನೀವು ಪೇಪರ್ ಓದಿ ನಿಟ್ಟುಸಿರು ಬಿಡೋ ಬದ್ಲು ಈ ಮಕ್ಳಿಗೆ ಒಂದು ಕಥೆ ಓದಿ’ ಅಂದಳು. ಹಾಗೆ ಶುರುವಾಯಿತು. ಮಳೆಗಾಲದಲ್ಲಿ ಇಪ್ಪತ್ತು ಮಕ್ಕಳು, ಕಾಫಿ ಕುಯ್ಲಿನಲ್ಲಿ ನಲವತ್ತು. ಮೂರೂವರೆಗೆ ಮುಗಿಸಲೇಬೇಕು. ಆಲ್ದೂರು ಕಡೆಯಿಂದ ಆನೆ ಇಳಿದಿದೆ ಎಂದು ಅರಣ್ಯ ಇಲಾಖೆಯ ಮೆಸೇಜು ಬಂದ ದಿನ ಎರಡೂವರೆಗೇ ಮುಗಿಯುತ್ತದೆ.

ಆನೆಯ ಮಾತು ಬಂದದ್ದಕ್ಕೆ ಒಂದು ಹೇಳಿಬಿಡುತ್ತೇನೆ. ಮೊದಲ ತಿಂಗಳು ನಾನು ಓದಿದ್ದು ಆನೆಮರಿಯ ಕಥೆ. ಕೆಂಪು ರಿಬ್ಬನ್ ಕಟ್ಟಿಕೊಂಡ, ಬಲೂನು ಹಿಡಿದ ಮುದ್ದು ಆನೆಮರಿ. ಒಬ್ಬ ಮಗುವೂ ನಗಲಿಲ್ಲ. ಕೊನೆಗೆ ಮೂರನೇ ಕ್ಲಾಸಿನವನೊಬ್ಬ ಗಂಭೀರವಾಗಿ ‘ಇದಕ್ಕೆ ಕಾಲರ್ ಹಾಕಿಲ್ವಾ ಸಾರ್?’ ಎಂದು ಕೇಳಿದ. ನಮ್ಮ ಕಡೆ ರೇಡಿಯೊ ಕಾಲರ್ ಹಾಕಿದ ಆನೆ ಎಲ್ಲಿದೆ ಎಂದು ಗೊತ್ತಾಗುತ್ತದೆ, ಹಾಕದ್ದು ಎಲ್ಲಿಂದ ಬರುತ್ತದೋ ಹೇಳಲಾಗದು. ಆ ಮಗುವಿಗೆ ರಿಬ್ಬನ್ ಮುಖ್ಯವಲ್ಲ. ಬೆಂಗಳೂರಿನಲ್ಲಿ ಕೂತು ಬರೆದ ಆನೆ ಬೇರೆ, ಲೈನ್ ಮನೆಯ ಹಿತ್ತಲಲ್ಲಿ ಹಲಸಿನ ಹಣ್ಣು ಕೀಳುವ ಆನೆ ಬೇರೆ.

ಗ್ರಂಥಪಾಲಕಿಯ ರಿಜಿಸ್ಟರಿನಲ್ಲಿ ಹೆಸರು, ತರಗತಿ, ಮನೆಮಾತು ಎಂದು ಮೂರು ಕಾಲಂ. ಮನೆಮಾತಿನ ಕಾಲಮ್ಮಿನಲ್ಲಿ ಊರಿನವರದ್ದು ಕನ್ನಡ, ಕೆಲವರದ್ದು ತುಳು, ಉರ್ದು. ಲೈನಿನ ಮಕ್ಕಳದ್ದು ಸಾಲಾಗಿ ಹಿಂದಿ, ಹಿಂದಿ, ಹಿಂದಿ. ಬರೆದವಳು ಅವಳು, ಬರೆಸಿದವನು ನಾನು. ಊರಿನಲ್ಲಿ ಅವರನ್ನು ಕರೆಯುವುದು ಎರಡೇ ಹೆಸರಿನಿಂದ, ‘ಹಿಂದಿಯವರು’ ಇಲ್ಲವೇ ‘ಅಸ್ಸಾಮಿನವರು’. ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲೂ ಹಾಗೇ, ಅಂಗಡಿಯ ಸಾಲದ ಪುಸ್ತಕದಲ್ಲೂ ಹಾಗೇ. ಹಿಂದೆ ಘಟ್ಟದ ಕೆಳಗಿನಿಂದ ಮೇಸ್ತ್ರಿಗಳು ಕರೆತಂದ ಆಳುಗಳನ್ನೂ ನಮ್ಮ ಮುತ್ತಾತಂದಿರು ಒಂದೇ ಮಾತಿನಲ್ಲಿ ‘ಘಟ್ಟದ ಕೆಳಗಿನವರು’ ಅಂತಿದ್ದರು. ಅವರಲ್ಲಿ ತುಳುವರೆಷ್ಟು, ಬ್ಯಾರಿಗಳೆಷ್ಟು, ಕೊಂಕಣಿಯವರೆಷ್ಟು ಎಂದು ಕೇಳಿದವರು ಯಾರು?

ನಾನು ಸ್ವಲ್ಪ ಓದಿಕೊಂಡವನಲ್ಲವೇ, ಹಾಗಾಗಿ ನನ್ನ ತಪ್ಪು ಇನ್ನೂ ದೊಡ್ಡದು. ಅಸ್ಸಾಮಿನಿಂದ ಬಂದ ಮಕ್ಕಳಿಗೆ ಅವರ ತಾಯ್ನುಡಿಯ ಪುಸ್ತಕ ಸಿಗಲಿ ಎಂದು ಬೆಂಗಳೂರಿನ ಗೆಳೆಯರಿಗೆ ಫೋನು ಮಾಡಿ, ಹದಿನೆಂಟು ಅಸ್ಸಾಮಿ ಪುಸ್ತಕ ತರಿಸಿದೆ. ಕೊರಿಯರಿನ ಹುಡುಗ ಪೊಟ್ಟಣ ಕೊಟ್ಟಾಗ ನನಗೆ ಎದೆ ಒಂದಿಂಚು ಉಬ್ಬಿದ್ದು ನಿಜ. ಬೆಂಚಿನ ಮೇಲೆ ಹರಡಿಟ್ಟೆ. ಮಕ್ಕಳು ಬಂದು ಚಿತ್ರ ನೋಡಿದರು, ಇಟ್ಟರು. ಮುಂದಿನ ವಾರವೂ ಅಷ್ಟೇ. ಒಂದು ತಿಂಗಳು ಕಳೆದರೂ ಹದಿನೆಂಟರಲ್ಲಿ ಒಂದೂ ಮನೆಗೆ ಹೋಗಲಿಲ್ಲ. ನನಗೆ ಒಳಗೊಳಗೇ ಸಿಟ್ಟು: ಎಂಥಾ ಮಕ್ಕಳು, ತಮ್ಮ ಭಾಷೆಯ ಮೇಲೇ ಅಭಿಮಾನವಿಲ್ಲ!

ಗ್ರಂಥಪಾಲಕಿಯೇ ಒಂದು ದಿನ ಪುಸ್ತಕ ಒರೆಸುತ್ತಾ ‘ಸಾರ್, ಇವ್ರ ಮನೇಲಿ ಅಮ್ಮ ಬೈಯೋದು ಯಾವ ಭಾಷೇಲಿ ಅಂತ ಕೇಳಿದೀರಾ?’ ಎಂದಳು.

ಕೇಳಿರಲಿಲ್ಲ. ‘ನಿನ್ನ ಮಾತೃಭಾಷೆ ಯಾವುದು’ ಎಂದು ಕೇಳಿದ್ದೆ, ಅದೂ ನನ್ನ ಹಿಂದಿಯಲ್ಲಿ. ನನ್ನ ಹಿಂದಿ ದೂರದರ್ಶನದ ಪೌರಾಣಿಕ ಧಾರಾವಾಹಿ ನೋಡಿ ಕಲಿತದ್ದು, ‘ಹೇ ಬಾಲಕ್’ ಮಟ್ಟದ್ದು. ಹೊರಗಿನವರು, ಕನ್ನಡಕದವರು, ಪುಸ್ತಕ ಹಿಡಿದವರು ಭಾಷೆ ಕೇಳಿದರೆ ‘ಹಿಂದಿ’ ಅನ್ನಬೇಕು ಎಂದು ಆ ಮಕ್ಕಳಿಗೆ ಎಲ್ಲಿಯೋ ರೂಢಿಯಾಗಿತ್ತು. ಈ ಸಲ ಅವಳು ಹೇಳಿದ ಹಾಗೇ ಕೇಳಿದೆವು. ಮಕ್ಕಳು ನಕ್ಕರು, ಒಬ್ಬರನ್ನೊಬ್ಬರು ತಿವಿದರು, ಅಮ್ಮಂದಿರ ಬೈಗುಳವನ್ನು ಅಭಿನಯಿಸಿಯೇ ತೋರಿಸಿದರು. ಅಸ್ಸಾಮಿನಿಂದ ಬಂದವರಲ್ಲಿ ಹೆಚ್ಚಿನವರ ಮನೆಯಲ್ಲಿ ಅಸ್ಸಾಮಿ ಇರಲೇ ಇಲ್ಲ. ಅಲ್ಲಿದ್ದದ್ದು ಸಾದ್ರಿ.

ಇದರ ಹಿಂದೆ ಒಂದು ಕಥೆ ಇದೆ, ಕಾಫಿ ನಾಡಿನವರಿಗೆ ಸುಲಭವಾಗಿ ಅರ್ಥವಾಗುವಂಥದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಅಸ್ಸಾಮಿನಲ್ಲಿ ಚಹಾ ತೋಟ ಹಾಕಿದ ಬ್ರಿಟಿಷರು ಕೆಲಸಕ್ಕೆಂದು ಛೋಟಾ ನಾಗಪುರದ ಕಡೆಯಿಂದ, ಅಂದರೆ ಈಗಿನ ಜಾರ್ಖಂಡ್ ಸುತ್ತಿನಿಂದ, ಆದಿವಾಸಿಗಳನ್ನು ಸಾಗಿಸಿದರು. ಮುಂಡಾ, ಸಂತಾಲ, ಒರಾಂವ್ ಎಲ್ಲರೂ ಒಂದೇ ಲೈನಿನಲ್ಲಿ ಬದುಕಬೇಕಾದಾಗ ಅವರನ್ನು ಕೂಡಿಸಿದ ಮಾತು ಸಾದ್ರಿ. ಆ ಚಹಾ ತೋಟದ ಮರಿಮೊಮ್ಮಕ್ಕಳು ಈಗ ಕೂಲಿ ಸಾಲದೆ ಮೂಡಿಗೆರೆಯ ಕಾಫಿ ತೋಟಕ್ಕೆ ಬಂದಿದ್ದಾರೆ. ಒಂದು ಲೈನಿನಿಂದ ಇನ್ನೊಂದು ಲೈನಿಗೆ. ಅವರ ಮಕ್ಕಳಿಗೆ ನಾನು ಅಸ್ಸಾಮಿ ಪುಸ್ತಕ ಕೊಟ್ಟು ‘ತಗೋ, ನಿನ್ನ ಭಾಷೆ’ ಅಂದದ್ದು, ಮಂಡ್ಯದಿಂದ ಮುಂಬೈಗೆ ಹೋದ ಮಗುವಿಗೆ ಅಲ್ಲಿನ ಮೇಷ್ಟ್ರು ತಮಿಳು ಪುಸ್ತಕ ಕೊಟ್ಟಂತೆ.

ರಿಜಿಸ್ಟರಿನಲ್ಲಿ ಹಿಂದಿ ಎಂದು ಬರೆದ ನಮ್ಮನ್ನು ಮಾತ್ರ ದೂರುವ ಹಾಗಿಲ್ಲ. ದೇಶದ ಜನಗಣತಿಯೂ ಅದನ್ನೇ ಮಾಡುತ್ತದೆ. 2011ರ ಲೆಕ್ಕದಲ್ಲಿ ಸಾದ್ರಿಯಾಡುವ ಸುಮಾರು 43 ಲಕ್ಷ ಜನರು ಹಿಂದಿಯ ಖಾತೆಗೆ ಜಮೆ. ನಮ್ಮದೇ ಜಿಲ್ಲೆಯ ಕಡೂರು, ತರೀಕೆರೆ ತಾಂಡಾಗಳ ಲಂಬಾಣಿಯೂ ಅದೇ ಖಾತೆಗೆ. ಕಡೂರಿನ ಲಂಬಾಣಿ ಅಜ್ಜಿಗೆ ‘ನಿಮ್ಮದು ಹಿಂದಿಯಂತೆ’ ಎಂದು ಹೇಳಿ ನೋಡಿ, ಏನು ಉತ್ತರ ಬರುತ್ತದೋ!

ಈಗ ಬೆಕ್ಕಿನ ಹುಡುಗಿಯ ಹತ್ತಿರ ಬರುತ್ತೇನೆ. ಅವಳ ಮನೆಯವರು ಅಸ್ಸಾಮಿನವರಲ್ಲ, ನೇರ ಜಾರ್ಖಂಡಿನ ಗುಮ್ಲಾ ಜಿಲ್ಲೆಯಿಂದ ಬಂದವರು. ಅವಳು ಅರ್ಥವಾಗದೆ ಓದಿದ ಮರು ಶನಿವಾರ ನಾನು ಪುಸ್ತಕ ಮುಚ್ಚಿಟ್ಟು ಹಾಳೆಯ ಮೇಲೊಂದು ಬೆಕ್ಕು ಬರೆದೆ. ನನ್ನ ಚಿತ್ರಕಲೆಗೆ ಅದು ಮೊಲವೋ ಬೆಕ್ಕೋ ಎಂದು ಸಭೆಯಲ್ಲಿ ಅನುಮಾನ ಹುಟ್ಟಿತು. ಮೀಸೆ ಎಳೆದ ಮೇಲೆ ಜನಾಭಿಪ್ರಾಯ ಬೆಕ್ಕಿನ ಕಡೆ ವಾಲಿತು. ‘ಇದಕ್ಕೆ ನಿಮ್ಮ ಮನೇಲಿ ಏನಂತಾರೆ?’

‘ಕೊತ್ತಿ’ ಎಂದು ಊರಿನ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ನೋಡಿ, ನಮ್ಮ ಕನ್ನಡದ ಮಕ್ಕಳ ಮನೆಯಲ್ಲೂ ಬೆಕ್ಕು ಇರಲಿಲ್ಲ. ಬೆಕ್ಕು ಇದ್ದದ್ದು ಪಾಠಪುಸ್ತಕದಲ್ಲಿ. ಆ ಹುಡುಗಿ ಆಟದ ಬಯಲಿನಲ್ಲಿ ಕಲಿತಿದ್ದ ಕನ್ನಡದಲ್ಲೂ ಅದು ಕೊತ್ತಿಯೇ. ನಾನು ‘ಕೊತ್ತಿ ಎಲ್ಲಿಗೆ ಹೋಯ್ತು’ ಎಂದು ಕೇಳಿದ್ದರೆ ಅವತ್ತೇ ಅರ್ಧ ಕಥೆಯಾದರೂ ಸಿಕ್ಕುತ್ತಿತ್ತೇನೋ.

ಆಮೇಲೆ ಸಾಲು ಹಿಡಿಯಿತು. ತುಳುವಿನ ಹುಡುಗಿ ‘ಪುಚ್ಚೆ’ ಅಂದಳು. ಬ್ಯಾರಿ ಹುಡುಗ ನಮ್ಮದೂ ಹೆಚ್ಚುಕಮ್ಮಿ ಅದೇ ಎಂದ. ಕೊಂಕಣಿಯವನು ‘ಮಾಜರ’. ಉರ್ದುವಿನ ಅಕ್ಕ ತಮ್ಮ ‘ಬಿಲ್ಲಿ’. ಸಂತಾಲಿ ಹುಡುಗ ಕೇಳಿಸಿಯೂ ಕೇಳಿಸದ ಹಾಗೆ ‘ಪುಸಿ’ ಅಂದ. ಒಂದೊಂದನ್ನೂ ಕನ್ನಡ ಅಕ್ಷರದಲ್ಲಿ ಹಾಳೆಯ ಮೇಲೆ ಬರೆಯುತ್ತಾ ಬಂದೆ. ಕೊನೆಯಲ್ಲಿ ಕೂತಿದ್ದ ಇವಳು, ಬೆರಳಿನಿಂದ ಬೆಂಚು ಕೆರೆಯುತ್ತಾ, ‘ಬೆರ್ಖಾ’ ಎಂದಳು.

ಆ ‘ಖ’ ನಮ್ಮ ಖ ಅಲ್ಲ, ಗಂಟಲಿನಲ್ಲಿ ಉಜ್ಜಿಕೊಂಡು ಬರುವಂಥದ್ದು. ನನ್ನ ಕೈಯಲ್ಲಿದ್ದ ಸ್ಕೆಚ್ ಪೆನ್ನು ನಿಂತಿತು. ಬೆಕ್ಕು ಹಿಂದೆ ಬೆರ್ಕು ಆಗಿತ್ತು, ಎಂ.ಎ. ತರಗತಿಯಲ್ಲಿ ರಕಾರ ಹೋಗಿ ದ್ವಿತ್ವ ಬರುವುದಕ್ಕೆ ಉದಾಹರಣೆಯಾಗಿ ಬರೆದುಕೊಂಡ ನೆನಪು. ‘ಬೆರ್ಖಾ?’ ಎಂದು ಮತ್ತೆ ಕೇಳಿದೆ. ತಪ್ಪಾಯಿತೇನೋ ಎಂದು ಅವಳು ‘ಬಿಲ್ಲಿ’ ಎಂದು ತಿದ್ದಿಕೊಂಡಳು. ‘ಬೇಡ ಬೇಡ, ಮೊದಲಿಂದೇ ಹೇಳು’ ಎಂದು ಹಲ್ಲು ಮುಟ್ಟಿ ತೋರಿಸಿದೆ. ‘ಪಲ್ಲ್.’ ಕಣ್ಣು? ‘ಖನ್ನ್.’ ಬಾಯಿ? ‘ಬಯ್.’ ಬೆರಳೆಣಿಸಿ ತೋರಿಸಿದೆ: ಒಂದಕ್ಕೆ ‘ಒಂಟಾ’, ಮೂರಕ್ಕೆ ‘ಮೂಂದ್’, ನಾಲ್ಕಕ್ಕೆ ‘ನಾಖ್’. ಐದಕ್ಕೆ ಬಂದಾಗ ಹಿಂದಿಯ ಹಾದಿ ಹಿಡಿಯಿತು.

ಅವಳ ಮನೆಮಾತು ಕುರುಖ್. ಒರಾಂವ್ ಜನರ ಭಾಷೆ, ಕನ್ನಡದ ಹಾಗೇ ದ್ರಾವಿಡ ಕುಟುಂಬದ್ದು.

ಮಾನಸಗಂಗೋತ್ರಿಯಲ್ಲಿ ಭಾಷಾವಿಜ್ಞಾನದ ಪತ್ರಿಕೆಗೆ ನಾವು ಬಾಯಿಪಾಠ ಮಾಡುತ್ತಿದ್ದೆವು: ದಕ್ಷಿಣ ದ್ರಾವಿಡ, ಮಧ್ಯ ದ್ರಾವಿಡ, ಉತ್ತರ ದ್ರಾವಿಡ, ಉತ್ತರ ದ್ರಾವಿಡದಲ್ಲಿ ಕುರುಖ್, ಮಾಲ್ತೋ, ಬ್ರಾಹುಈ. ನಾಲ್ಕು ಅಂಕದ ಪ್ರಶ್ನೆ. ಬರೆದೆ, ಅಂಕ ಬಂತು, ಮರೆತೆ. ಮುಂದೆ ಮೂವತ್ತೊಂದು ವರ್ಷ ಪ ಕಾರ ಹ ಕಾರವಾಗುವುದನ್ನು ಮಕ್ಕಳಿಗೆ ಪಾಠ ಮಾಡಿದೆ. ಆ ನಾಲ್ಕು ಅಂಕದ ಉತ್ತರ ಒಂದು ದಿನ ಹರಿದ ಸ್ವೆಟರ್ ಹಾಕಿಕೊಂಡು, ಕಾಲಿಗೆ ಉಂಬಳ ಕಚ್ಚಿದ ಗಾಯಕ್ಕೆ ಸುಣ್ಣ ಹಚ್ಚಿಕೊಂಡು, ನನ್ನ ಮುಂದೆ ಬೆಂಚಿನ ಮೇಲೆ ಕೂತಿರುತ್ತದೆ ಎಂದು ಯಾರು ಅಂದುಕೊಂಡಿದ್ದರು? 2011ರ ಗಣತಿಯಲ್ಲಿ ಕುರುಖ್ ಆಡುವವರು ಸುಮಾರು 20 ಲಕ್ಷ, ತುಳುವರಿಗಿಂತ ಸ್ವಲ್ಪ ಹೆಚ್ಚೇ. ನಮ್ಮ ರಿಜಿಸ್ಟರಿನಲ್ಲಿ ಸೊನ್ನೆ.

ಅವತ್ತು ಇನ್ನೊಂದು ಸಂಗತಿ ನಡೆಯಿತು. ಇವಳು ‘ಪಲ್ಲ್’ ಎಂದಾಗ ನಾನು ಪಕ್ಕದಲ್ಲಿ ‘ಹಲ್ಲು’ ಎಂದು ಬರೆದೆ. ಮುಂದಿನ ಸಾಲಿನಲ್ಲಿದ್ದ ಊರಿನ ಹುಡುಗ ಅದನ್ನು ಜೋರಾಗಿ ‘ಅಲ್ಲು’ ಎಂದು ಓದಿದ. ನಮ್ಮ ಕಡೆ ಹ ಉಳಿಯುವುದಿಲ್ಲ, ಹಾಸನವೇ ಆಸನ. ಅವನನ್ನು ತಿದ್ದಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಪಲ್, ಹಲ್ಲು, ಅಲ್ಲು. ಒಂದು ಮಾತು ಸಾವಿರ ವರ್ಷ ನಡೆದು ಬಂದ ದಾರಿಯ ಮೂರು ಮೈಲಿಗಲ್ಲು, ಒಂದೇ ಕೋಣೆಯಲ್ಲಿ, ಒಂದೇ ಬೆಂಚಿನ ಮೇಲೆ. ನನ್ನ ಇಡೀ ವೃತ್ತಿಯಲ್ಲಿ ಈ ಹುಡುಗನಂಥ ಎಷ್ಟು ಮಕ್ಕಳಿಗೆ ‘ಅ ಅಲ್ಲ, ಹ’ ಎಂದು ಕಿವಿ ಹಿಂಡಿದ್ದೇನೋ ಲೆಕ್ಕವಿಲ್ಲ. ಆ ಮಕ್ಕಳಲ್ಲಿ ಕೆಲವರು ಕ್ಲಾಸಿನಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿದ್ದರು, ಅದೂ ಈಗ ನೆನಪಾಗುತ್ತದೆ.

‘ಏನು’ ಎಂಬ ಮಾತಿನ ತಮಾಷೆ ಗೊತ್ತಾದದ್ದು ಇನ್ನೂ ಎರಡು ವಾರದ ಮೇಲೆ. ನಾನು ಅವಳನ್ನು ‘ಏನು?’ ಎಂದಾಗಲೆಲ್ಲ ಅವಳು ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸುತ್ತಿದ್ದಳು. ವಿನಯ ಅಂದುಕೊಂಡಿದ್ದೆ. ಕುರುಖಿನಲ್ಲಿ ‘ಏನ್’ ಅಂದರೆ ನಾನು! ಮೇಷ್ಟ್ರು ಪದೇ ಪದೇ ‘ನಾನು? ನಾನು?’ ಎಂದು ಯಾಕೆ ಕೇಳುತ್ತಾರೋ ಎಂದು ಅವಳಿಗೆ. ‘ನೀನ್’ ಮಾತ್ರ ಅಲ್ಲೂ ನೀನೇ. ‘ಬರಾ’ ಅಂದರೆ ಬಾ. ಇಷ್ಟು ತಿಳಿದ ದಿನ ಊರಿನ ಮಕ್ಕಳು ಕುಣಿದಾಡಿಬಿಟ್ಟರು. ‘ಹಿಂದಿಯವಳು’ ಎಂದು ಕರೆಯುತ್ತಿದ್ದವಳು ಹಿಂದಿಯವಳೇ ಅಲ್ಲ, ದೂರದ ಚಿಕ್ಕಪ್ಪನ ಮಗಳು! ಅವರು ಅವಳನ್ನು ಒಂದು ವಾರ ‘ನೀನ್ ಬರಾ, ನೀನ್ ಬರಾ’ ಎಂದು ಗೋಳು ಹೊಯ್ದುಕೊಂಡರು. ಅವಳು ಮೊದಲ ಬಾರಿ ಸರಿಯಾಗಿ ಸಿಟ್ಟುಗೊಂಡು, ಅಚ್ಚ ಮಲೆನಾಡ ಕನ್ನಡದಲ್ಲಿ ‘ಸುಮ್ನಿರ್ರೋ’ ಎಂದಳು.

ಅಲ್ಲಿಂದ ನಾವು ಓದುವ ರೀತಿ ಬದಲಾಯಿತು. ವಿಧಾನ ಎಂದು ಕರೆಯುವಷ್ಟು ದೊಡ್ಡದೇನಲ್ಲ. ಪುಸ್ತಕ ತೆರೆಯುವ ಮೊದಲು ಚಿತ್ರ ತೋರಿಸುತ್ತೇವೆ. ಕಥೆಯಲ್ಲಿ ಬರುವ ನಾಲ್ಕೈದು ಮಾತಿಗೆ ಪ್ರತಿಯೊಬ್ಬರ ಮನೆಯಲ್ಲೂ ಏನಂತಾರೆ ಎಂದು ಕೇಳುತ್ತೇವೆ, ಗೋಡೆಯ ಹಾಳೆಯ ಮೇಲೆ ಬರೆಯುತ್ತೇವೆ. ದೊಡ್ಡ ಮಕ್ಕಳು ಕಥೆಯನ್ನು ತಮ್ಮ ಮಾತಿನಲ್ಲಿ ಚಿಕ್ಕವರಿಗೆ ಹೇಳುತ್ತಾರೆ, ಆ ಹತ್ತು ನಿಮಿಷ ಕೋಣೆ ಸಂತೆಯೇ ಸರಿ. ಆಮೇಲೆ ಕನ್ನಡದಲ್ಲಿ ಓದು. ಮಗು ಅಷ್ಟರಲ್ಲಿ ಕಥೆ ತಿಳಿದಿರುತ್ತದೆ, ಹಾಗಾಗಿ ಕನ್ನಡದ ಸಾಲು ಅದಕ್ಕೆ ಒಗಟಾಗಿ ಕಾಣುವುದಿಲ್ಲ. ನಿಧಾನ, ಹೌದು. ಒಂದು ಶನಿವಾರಕ್ಕೆ ಹದಿನಾರು ಪುಟದ ಒಂದೇ ಪುಸ್ತಕ. ‘ತಿಂಗಳಿಗೆ ಎಷ್ಟು ಪುಸ್ತಕ ಓದಿಸಿದಿರಿ’ ಎಂದು ಕೇಳಿಕೊಂಡು ಬಂದ ಒಂದು ಸಂಸ್ಥೆಯವರಿಗೆ ನಾಲ್ಕು ಅಂದಾಗ ಅವರ ಮುಖ ಇಳಿಯಿತು. ನೂರು ಪುಸ್ತಕದ ಪೆಟ್ಟಿಗೆ ಕೊಟ್ಟು, ಪ್ರತಿ ಮಗುವಿನ ಕೈಯಲ್ಲೂ ಒಂದೊಂದು ಹಿಡಿಸಿ ಫೋಟೊ ತೆಗೆದುಕೊಂಡು ಹೋದರು. ಫೋಟೊದಲ್ಲಿ ಇಬ್ಬರು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದಾರೆ. ಓದುವ ಸ್ಪರ್ಧೆ ಇಡಿ ಎಂದೂ ಸಲಹೆ ಕೊಟ್ಟರು. ಸ್ಪರ್ಧೆ ಇಟ್ಟಿದ್ದರೆ ಬೆಕ್ಕಿನ ಪುಟದ ಹುಡುಗಿಗೆ ಖಂಡಿತ ಮೊದಲ ಬಹುಮಾನ ಬರುತ್ತಿತ್ತು. ನಾನು ಅಷ್ಟಕ್ಕೇ ತೃಪ್ತನಾಗಿ ಮನೆಗೆ ಹೋಗುತ್ತಿದ್ದೆ.

ಪುಸ್ತಕಕ್ಕೆ ಕೊರತೆ ಈಗ ಅಷ್ಟಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಎಂಬ ತಾಣದಲ್ಲಿ ಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅನುವಾದಿಸಬಹುದು, ಮುದ್ರಿಸಬಹುದು, ಬರೆದವರ ಮತ್ತು ಚಿತ್ರ ಬಿಡಿಸಿದವರ ಹೆಸರು ಹಾಕಿದರೆ ಆಯಿತು. ಅಲ್ಲಿ ಸಂತಾಲಿ, ಕುರುಖ್ ಕಥೆಗಳೂ ಸಿಕ್ಕವು. ಚಿಕ್ಕಮಗಳೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ತೆಗೆಸಿ ದಾರ ಹಾಕಿ ಹೊಲಿದೆವು. ಆದರೆ ಕುರುಖ್ ಪುಸ್ತಕ ದೇವನಾಗರಿಯಲ್ಲಿತ್ತು, ಆ ಹುಡುಗಿಗೆ ಬರುವುದು ಕನ್ನಡ ಅಕ್ಷರ. ಆಗ ನಾವು ಅದನ್ನು ಕನ್ನಡ ಲಿಪಿಗೆ ಇಳಿಸಿದೆವು. ಈ ಕೆಲಸದಲ್ಲಿ ನನಗೆ ಸಿಕ್ಕ ಖುಷಿ ಹೇಳತೀರದು. ನಮ್ಮ ಲಿಪಿಯಲ್ಲಿ ಎ, ಏ ಬೇರೆ; ಒ, ಓ ಬೇರೆ. ದೇವನಾಗರಿಯಲ್ಲಿ ಆ ಸೌಕರ್ಯವಿಲ್ಲ. ತುಳು, ಕೊಂಕಣಿ, ಬ್ಯಾರಿ, ಕೊಡವ, ಲಂಬಾಣಿ ಎಲ್ಲಕ್ಕೂ ನಮ್ಮ ಅಕ್ಷರ ಎಷ್ಟೋ ಕಾಲದಿಂದ ಮನೆಯ ಜಗುಲಿ ಬಿಟ್ಟುಕೊಟ್ಟಿದೆ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ತುಳುವನ್ನು ಅಚ್ಚು ಹಾಕಿದ್ದೂ ಕನ್ನಡ ಅಕ್ಷರದಲ್ಲೇ. ಇನ್ನೊಬ್ಬಳು ಬಂದು ಕೂತರೆ ಜಗುಲಿ ಸವೆಯುವುದಿಲ್ಲ.

ಹೆಚ್ಚು ಎರವಲು ಹೋದದ್ದು ಮಾತ್ರ ಬಣ್ಣದ ಪುಸ್ತಕವಲ್ಲ. ಸಂತೆಯ ದಿನ ಲೈನಿನ ಹೆಂಗಸರಿಗೆ ರಜೆ. ಒಂದು ಸಂತೆಯ ದಿನ ಸಾದ್ರಿಯ ತಾಯಿಯೊಬ್ಬಳು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು, ಒಳಗೆ ಬರಲು ಎಷ್ಟು ಕರೆದರೂ ಬರದೆ, ಅಲ್ಲಿಂದಲೇ ನರಿ ಮತ್ತು ಏಡಿಯ ಕಥೆ ಹೇಳಿದಳು. ಅವಳ ದೊಡ್ಡ ಮಗ ಅದನ್ನು ಹಿಂದಿಗೆ ತಂದ, ಗ್ರಂಥಪಾಲಕಿ ಹಿಂದಿಯಿಂದ ಕನ್ನಡಕ್ಕೆ ತಂದಳು, ನಾನು ಬರೆದೆ, ಮಕ್ಕಳು ಚಿತ್ರ ಹಾಕಿದರು. ಒಂದು ಹಾಳೆಯನ್ನು ಮಡಚಿದರೆ ಎಂಟು ಪುಟ. ಮೇಲೆ ಸಾದ್ರಿ, ಕೆಳಗೆ ಕನ್ನಡ, ಎರಡೂ ಕನ್ನಡ ಅಕ್ಷರದಲ್ಲಿ. ಅದನ್ನು ಮನೆಗೆ ಒಯ್ದ ಊರಿನ ಹುಡುಗಿಯೊಬ್ಬಳು ಬಂದು ಹೇಳಿದಳು: ‘ನಮ್ಮಜ್ಜಿ ಹೇಳೋ ಕಥೇಲೂ ನರಿ ಹಿಂಗೇ ಕಳ್ಳಾಟ ಆಡ್ತದೆ. ಆದ್ರೆ ಅದ್ರಲ್ಲಿ ಏಡಿ ಇಲ್ಲ.’ ಏಡಿಯನ್ನು ಅಜ್ಜಿಗೆ ಕೊಟ್ಟು ಬಂದಿದ್ದಳಂತೆ.

ಎಲ್ಲರಿಗೂ ಇದು ಹಿಡಿಸಿತು ಎಂದರೆ ಸುಳ್ಳಾಗುತ್ತದೆ. ಊರಿನ ಬೆಳೆಗಾರರೊಬ್ಬರು ಅಂಗಡಿಯ ಮುಂದೆ ನನ್ನನ್ನು ನಿಲ್ಲಿಸಿದರು. ‘ಮೇಷ್ಟ್ರೇ, ನೀವು ಕನ್ನಡ ಮೇಷ್ಟ್ರು. ಕನ್ನಡದ ಲೈಬ್ರರೀಲಿ ಕೂತು ಅವ್ರ ಭಾಷೆ ಕಲಿಸ್ತಿದೀರಂತೆ. ನಮ್ಮ ಮಕ್ಕಳ ಕನ್ನಡ ಕೆಟ್ಟೋಗಲ್ವಾ?’ ಅವರ ಇಬ್ಬರು ಮಕ್ಕಳು ಬೆಳಿಗ್ಗೆ ಏಳಕ್ಕೆ ಹಳದಿ ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುತ್ತಾರೆ. ಊರಿನ ಸರಕಾರಿ ಶಾಲೆಯಲ್ಲಿ ಈಗ ಹತ್ತೊಂಬತ್ತು ಮಕ್ಕಳಿದ್ದಾರೆ, ಅದರಲ್ಲಿ ಹನ್ನೊಂದು ಲೈನಿನವರು. ಅವರಿಲ್ಲದಿದ್ದರೆ ಕನ್ನಡ ಶಾಲೆಯ ಬೀಗ ಯಾರ ಕೈಯಲ್ಲಿರುತ್ತಿತ್ತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಅವರದ್ದೂ ಕಷ್ಟವಿದೆ, ಕೂಲಿಯವರು ಬಾರದಿದ್ದರೆ ಹಣ್ಣು ಗಿಡದಲ್ಲೇ ಒಣಗುತ್ತದೆ ಎಂಬ ಭಯದಲ್ಲಿ ಇರುವ ಮನುಷ್ಯ.

ಮನೆಗೆ ಬಂದ ಮೇಲೆ ಹೇಳಬೇಕಾದ ಮಾತು ಹೊಳೆಯಿತು, ಎಂದಿನಂತೆ ತಡವಾಗಿ. ನಮ್ಮ ಪಕ್ಕದ ಬೇಲೂರು ತಾಲ್ಲೂಕಿನ ಹಲ್ಮಿಡಿ. ಕ್ರಿ.ಶ. 450ರ ಸುಮಾರಿನ ಶಾಸನ, 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು. ಕನ್ನಡದ ಅತಿ ಹಳೆಯ ಬರಹ ಎಂದು ನಾವೆಲ್ಲ ಓದಿಕೊಂಡು ಬಂದದ್ದು. ಅದು ಶುರುವಾಗುವುದೇ ಸಂಸ್ಕೃತದ ಶ್ಲೋಕದಿಂದ. ಕನ್ನಡ ಆಮೇಲೆ ಬರುತ್ತದೆ. ಅವತ್ತು ಆ ಕಲ್ಲಿನ ಮುಂದೆ ಯಾರಾದರೂ ನಿಂತು ‘ಭಾಷೆ ಕೆಟ್ಟೋಗಲ್ವಾ’ ಅಂದಿದ್ದರೆ? ಕಲ್ಲು ಕೆತ್ತುವವನು ಉಳಿ ಕೆಳಗಿಟ್ಟು ಎದ್ದು ಹೋಗಿದ್ದರೆ?

ನಿಜವಾದ ತೊಡಕು ಭಾಷೆಯಲ್ಲ, ಕಾಲ. ಅರೇಬಿಕಾ ಹಣ್ಣಾಗುವುದು ನವೆಂಬರಿಗೆ, ರೊಬಸ್ಟಾ ಜನವರಿಯಿಂದ ಮಾರ್ಚಿಗೆ. ಮಕ್ಕಳು ಹಣ್ಣಿನ ಜೊತೆ ಬರುತ್ತಾರೆ. ಜೂನಿನಲ್ಲಿ ಬಾಗಿಲು ತೆರೆಯುವ ಶಾಲೆಗೆ ನವೆಂಬರಿನಲ್ಲಿ ಟಿಸಿ ಇಲ್ಲದೆ ಬಂದು ನಿಲ್ಲುತ್ತಾರೆ. ಟಿಸಿ ಇಲ್ಲವೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯಿದೆಯೇ ಹೇಳುತ್ತದೆ; ನಮ್ಮ ಶಾಲೆಯ ಟೀಚರು ಪುಣ್ಯಾತ್ಗಿತ್ತಿ, ಕಾಯಿದೆ ನೋಡದೆಯೂ ಸೇರಿಸಿಕೊಳ್ಳುತ್ತಾರೆ. ಆದರೆ ಗೋಡೆಯ ಹಾಳೆ ತುಂಬುವ ಹೊತ್ತಿಗೆ, ಮಗು ಹೊಟ್ಟೆ ತುಂಬ ನಕ್ಕು ಓದುವ ಹೊತ್ತಿಗೆ, ಮಾರ್ಚ್ ಬಂದಿರುತ್ತದೆ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ ವಾರ ಆ ಹುಡುಗಿಯ ಮನೆಯವರು ಊರಿಗೆ ಹೊರಟರು. ಸರ್ಹುಲ್ ಹಬ್ಬವಂತೆ, ಸಾಲ್ ಮರ ಹೂಬಿಟ್ಟಾಗ ಮಾಡುವುದು. ‘ಅದೂ ಬಿಳೀನೇ’ ಎಂದು ಕಾಫಿ ಹೂ ತೋರಿಸಿ ಹೇಳಿದಳು. ಬೆಕ್ಕಿನ ಪುಸ್ತಕ ಅವಳ ಚೀಲದಲ್ಲೇ ಹೋಯಿತು. ಕೊಟ್ಟೆನೋ, ಅವಳೇ ಒಯ್ದಳೋ ಎಂದು ಗ್ರಂಥಪಾಲಕಿ ಇವತ್ತಿಗೂ ನನ್ನನ್ನು ಓರೆಗಣ್ಣಿನಲ್ಲಿ ನೋಡುತ್ತಾಳೆ. ರಿಜಿಸ್ಟರಿನಲ್ಲಿ ಆ ಸಾಲಿನ ಮುಂದೆ ‘ಬಂದಿಲ್ಲ’ ಎಂದಿದೆ. ಪುಸ್ತಕದ ಬೆಲೆ ನಲವತ್ತೈದು ರೂಪಾಯಿ ನಾನು ಕಟ್ಟಿದ್ದೇನೆ.

ಮರುವರ್ಷ ಅವರು ಬರಲಿಲ್ಲ. ಕೇರಳಕ್ಕೆ ಹೋದರು ಎಂದು ರೈಟರು ಹೇಳಿದರು, ಅಲ್ಲಿ ಕೂಲಿ ಜಾಸ್ತಿ. ಈಗ ಯಾವುದೋ ಕೋಣೆಯಲ್ಲಿ ಇನ್ನೊಂದು ಲಿಪಿಯನ್ನು ತಡವರಿಕೆಯಿಲ್ಲದೆ ಓದುತ್ತಿರಬೇಕು. ಅಲ್ಲಿನ ಮೇಷ್ಟ್ರು ಕೂಡ ‘ಭೇಷ್’ ಅನ್ನುತ್ತಿರಬೇಕು.

ಈ ಸಲದ ಕುಯ್ಲಿಗೆ ಬೇರೆ ಮನೆಗಳು ಬಂದಿವೆ. ಹೋದ ಶನಿವಾರ ಏಳು ವರ್ಷದ ಒಬ್ಬ ಹೊಸ ಹುಡುಗ ಬಂದ. ಮೂಗು ಸುರಿಯುತ್ತಿತ್ತು, ಚಪ್ಪಲಿಯ ಎರಡೂ ಕಾಲು ಎಡಗಾಲಿನವೇ. ಗ್ರಂಥಪಾಲಕಿ ರಿಜಿಸ್ಟರು ತೆರೆದು ಹೆಸರು ಬರೆದಳು, ತರಗತಿ ಎರಡು ಎಂದು ಬರೆದಳು, ಮೂರನೇ ಕಾಲಮ್ಮಿನ ಮೇಲೆ ಪೆನ್ನು ಹಿಡಿದು ಅವನನ್ನು ನೋಡಿದಳು.

ಕೇಳುವ ಮೊದಲೇ ಅವನು ‘ಹಿಂದಿ’ ಎಂದ, ಸೆಟೆದು ನಿಂತು.

ಅವಳು ಬರೆಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಬೆಂಚಿನ ಮೇಲೆ ಜಾಗ ಮಾಡಿ ಅವನನ್ನು ಕೂರಿಸಿಕೊಂಡು, ತನಗೆ ಬರುವ ನಾಲ್ಕು ಮಾತಿನ ಹಿಂದಿಯಲ್ಲಿ ಕೇಳಿದಳು, ನಿನ್ನೆ ರಾತ್ರಿ ಅಮ್ಮ ಯಾಕೆ ಬೈದಳೋ ಎಂದು. ಅವನು ಒಮ್ಮೆ ಬಾಗಿಲ ಕಡೆ ನೋಡಿದ, ಒಮ್ಮೆ ಗೋಡೆಯ ಹಾಳೆಯಲ್ಲಿದ್ದ ನನ್ನ ಮೀಸೆಯ ಬೆಕ್ಕನ್ನು ನೋಡಿದ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಅಮ್ಮನ ದನಿ ತೆಗೆದು, ನಾನು ಹಿಂದೆಂದೂ ಕೇಳಿರದ ಒಂದು ಭಾಷೆಯಲ್ಲಿ ಶುರುಮಾಡಿದ.